ತಿಳಿವಳಿಕೆ: ಉನ್ನತ

ಮಗಳು ಇರಿಯಾ ಆ ಅರ್ಜಿಯನ್ನು ಮನೆಗೆ ತಂದ ದಿನ ಸಬೇಲಾಳಿಗೆ ಕಾರ್ಖಾನೆಯಲ್ಲಿ ಕೆಲಸವಿರಲಿಲ್ಲ. ಬೇಸಿಗೆ ಕಳೆದ ಮೇಲೆ ಡಬ್ಬಿ ಕಾರ್ಖಾನೆಯವರು ಹೆಂಗಸರನ್ನು ವಾರಕ್ಕೆ ಮೂರೇ ದಿನ ಕರೆಯುತ್ತಿದ್ದರು. ಹದಿನೆಂಟು ವರ್ಷ ಚಿಪ್ಪಿನ ಮಾಂಸವನ್ನು ಡಬ್ಬಿಯಲ್ಲಿ ಸಾಲಾಗಿ ಜೋಡಿಸಿದ ಅವಳ ಕೈಗಳು ಉಳಿದ ದಿನ ಸುಮ್ಮನಿರಲಾರದೆ ಮನೆಯಲ್ಲಿ ಏನಾದರೊಂದನ್ನು ತಿಕ್ಕುತ್ತಿದ್ದವು. ಅಂದು ಸೊಪ್ಪಿನ ಸಾರಿಗೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಅತ್ತೆ ಎರುಂದೀನಾ ಕಿಟಕಿಯ ಬಳಿ ಕೂತು ಬಿಳಿ ಅವರೆಕಾಳು ಆರಿಸುತ್ತಿದ್ದರು.

"ಅಜ್ಜಿ, ಇದಕ್ಕೊಂದು ಸಹಿ ಹಾಕ್ಬಿಡು," ಎಂದು ಇರಿಯಾ ಕಾಗದವನ್ನು ಕಾಳಿನ ತಟ್ಟೆಯ ಪಕ್ಕಕ್ಕಿಟ್ಟಳು. "ತಿಂಗಳ ಕೊನೇ ದಿನದೊಳಗೆ ಪುರಸಭೆಗೆ ಕೊಡ್ಬೇಕು."

"ಏನದು?"

"ನಿನ್ನ ದುಡ್ಡು ವಾಪಸ್ ಕೇಳೋ ಅರ್ಜಿ. ಪುರಸಭೇಲಿ ಗ್ರಾಹಕರ ಕಚೇರಿ ತೆರೆದಿದಾರಲ್ಲ, ಅಲ್ಲಿ ಮಧ್ಯಸ್ಥಿಕೆ ಮಾಡ್ತಾರೆ. ಬ್ಯಾಂಕ್‌ನೋರು ಏನೂ ತಿಳಿಸದೆ ಕಾಗದ ಮಾರಿದಾರೆ ಅಂತ ಸಾಬೀತಾದ್ರೆ ಪೂರ್ತಿ ದುಡ್ಡು ವಾಪಸ್ಸು."

"ಬ್ಯಾಂಕ್‌ನೋರು ಅಂದ್ರೆ ಯಾರು?"

ಇರಿಯಾ ತಾಯಿಯ ಮುಖ ನೋಡಿದಳು. ಸಬೇಲಾ ಆಲೂಗಡ್ಡೆಯಿಂದ ಕಣ್ಣೆತ್ತಲಿಲ್ಲ. ಎರುಂದೀನಾ ಇನ್ನೊಂದು ಹಿಡಿ ಕಾಳನ್ನು ತಟ್ಟೆಗೆ ಸುರಿದುಕೊಂಡು, "ನಾನು ಹಾಕಲ್ಲ," ಎಂದರು. ಆಮೇಲೆ, ಅದೇ ಉಸಿರಿನಲ್ಲಿ, "ಸಾರಿಗೆ ಉಪ್ಪು ಬಿತ್ತೇನು ಸಬೇಲಾ?" ಎಂದು ಕೇಳಿದರು.

ಮೂವತ್ತೆಂಟು ಸಾವಿರ ಯೂರೋ. ನಲವತ್ತು ವರ್ಷ ಅರೋಸಾ ಕೊಲ್ಲಿಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಮರುವಾಯಿ ಚಿಪ್ಪು ಹೆಕ್ಕಿದ ದುಡ್ಡು ಅದರಲ್ಲಿತ್ತು. ಐರ್ಲೆಂಡಿನ ಕಡೆ ಮೀನಿಗೆ ಹೋಗಿ ಹಿಂದಿರುಗದ ಗಂಡನ ಹೆಸರಿಗೆ ಬಂದ ಪರಿಹಾರವಿತ್ತು. ಎಲ್ಲವೂ ಊರಿನ ಉಳಿತಾಯ ಬ್ಯಾಂಕಿನಲ್ಲಿ ಠೇವಣಿಯಾಗಿ ಮಲಗಿತ್ತು. ಮೂರು ವರ್ಷದ ಹಿಂದೆ, ಒಂದು ವಸಂತದಲ್ಲಿ, ಅದನ್ನು ತೆಗೆದು ಆದ್ಯತಾ ಪತ್ರ ಅನ್ನುವ ಕಾಗದಕ್ಕೆ ಹಾಕಿಸಿದವನು ಕೌಂಟರಿನ ಆಚೆ ಕೂತಿದ್ದ ಎರುಂದೀನರ ಮಗ, ಸಬೇಲಾಳ ಗಂಡ ಅಮಾರೋ. ನೂರಕ್ಕೆ ಏಳು ಬಡ್ಡಿ ಎಂದಿದ್ದ. ಎರಡು ವರ್ಷ ಬಂತು. ಆಮೇಲೆ ಬ್ಯಾಂಕು ಮುಳುಗಿತು, ಸರ್ಕಾರ ಅದನ್ನು ಮೇಲೆತ್ತಿ ಹಿಡಿದುಕೊಂಡಿತು, ಬಡ್ಡಿ ನಿಂತಿತು. ಅಸಲು ಕೇಳಲು ಹೋದವರಿಗೆ ಆ ಕಾಗದಕ್ಕೆ ಅವಧಿಯೇ ಇಲ್ಲ ಎಂದು ಗೊತ್ತಾಯಿತು. ಯಾರಾದರೂ ಕೊಂಡರೆ ಮಾರಬಹುದು. ಕೊಳ್ಳುವವರು ಯಾರೂ ಇರಲಿಲ್ಲ.

ಸಹಿ ಹಾಕುವಾಗ ಯಾರೂ ಓದಿರಲಿಲ್ಲ. ಎದುರಿಗೆ ಕೂತವನು ಗೊತ್ತಿರುವ ಮನೆಯ ಮಗನಾದರೆ, ಕನ್ನಡಕ ಹಾಕಿಕೊಂಡು ಕಾಗದ ಓದುವುದು ಆ ಊರಿನಲ್ಲಿ ಅವನ ಮುಖಕ್ಕೆ ಉಗಿದ ಹಾಗೆ. ದಕ್ಕೆಮನೆ ಎನ್ನುವ ಈ ಮನೆಯ ಎರುಂದೀನಾಳ ಮಗ ಬೆರಳಿಟ್ಟು ತೋರಿಸಿದ ಕಡೆ ಊರೇ ಸಹಿ ಹಾಕಿತ್ತು.

ಅಂದು ಬ್ಯಾಂಕಿನ ಕೆಲಸ ಮುಗಿಸಿ ಅಮಾರೋ ಮನೆಗೆ ಬಂದಾಗ ಎಂದಿನಂತೆ ಮೂರು ಗಂಟೆ. ಕೈ ತೊಳೆದು ಕೂತ, ಎರಡು ಚಮಚ ಸಾರು ಕುಡಿದ, "ಚೆನ್ನಾಗಿದೆ" ಅಂದ. ಬೇರೆ ಏನೂ ಹೇಳಲಾಗದ ದಿನಗಳಲ್ಲಿ ಅವನು ಸಾರನ್ನು ಹೊಗಳುತ್ತಿದ್ದ. ಈಚೆಗೆ ದಿನಾ ಹೊಗಳುತ್ತಿದ್ದ.

"ಅಪ್ಪ, ಅಜ್ಜಿಯ ಪರೀಕ್ಷೆ ಕಾಗದದ ಪ್ರತಿ ಬೇಕು," ಎಂದಳು ಇರಿಯಾ. "ಅರ್ಜಿ ಜೊತೆ ಇಡ್ಬೇಕಂತೆ."

"ಯಾವ ಪರೀಕ್ಷೆ?"

"ಗ್ರಾಹಕರ ತಿಳಿವಳಿಕೆ ಪರೀಕ್ಷೆ. ಏನೂ ಅರಿಯದವ್ರಿಗೆ ಇಂಥದ್ದನ್ನೆಲ್ಲ ಮಾರಬಾರದು ಅಂತ ಕಾನೂನು ಬಂದಿತ್ತಲ್ಲ, ಅದಕ್ಕೆ ಎಲ್ಲರ ಹತ್ರ ಮಾಡಿಸಿದ್ರಲ್ಲ, ಅದು."

"ಶಾಖೇಲಿದೆ. ನೋಡ್ತೀನಿ."

"ನಾಳೆ ತರ್ತೀಯಾ?"

"ನೋಡ್ತೀನಿ ಅಂದ್ನಲ್ಲ!"

"ಕಿರುಚಬೇಡ ಅವಳ ಮೇಲೆ," ಎಂದಳು ಸಬೇಲಾ. "ಅವಳ ಫೀಸಿಗೆ ಅಂತ ಇಟ್ಟಿದ್ದ ದುಡ್ಡು ಮನೆ ಸಾಲದ ಕಂತಿಗೆ ಹೋಯ್ತು. ಜನವರಿಗೆ ಏನು ಮಾಡ್ತೀಯ? ಇವರ ದುಡ್ಡು ಬಂದ್ರೆ ಮನೆ ಉಸಿರಾಡತ್ತೆ. ಸುಲಿಗೆ ಮಾಡ್ತಿದೀವಾ? ನಮ್ಮದನ್ನೇ ಕೇಳ್ತಿದೀವಿ."

"ನನ್ನದು," ಎಂದರು ಎರುಂದೀನಾ, ರೊಟ್ಟಿ ಮುರಿಯುತ್ತಾ. "ಹೋಗಿದ್ದೂ ನನ್ನದೇ. ಊಟ ಮಾಡ್ರಿ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಂಕಿನ ಮುಂದೆ ಮುದುಕ ಮುದುಕಿಯರು ಸೇರಿ, ದುಡ್ಡು ಕೊಡಿ ಎಂದು ಪಾತ್ರೆ ಬಡಿಯುವುದು ಆಗಲೇ ಊರಿನ ರೂಢಿಯಾಗಿತ್ತು. ಬಡಿದು ಮುಗಿಸಿ ದೋಸಿಂದಾ ನೇರ ದಕ್ಕೆಮನೆಗೆ ಬಂದಳು. ಎಪ್ಪತ್ತನಾಲ್ಕು ವರ್ಷದ, ಮದುವೆಯಾಗದ ಹೆಂಗಸು. ಎರುಂದೀನರ ಜೊತೆ ನಲವತ್ತು ವರ್ಷ ಒಂದೇ ಕೆಸರಿನಲ್ಲಿ ಬಗ್ಗಿದವಳು. ಉಬ್ಬರ ಬರುವ ಮೊದಲು ಒಬ್ಬರ ಬುಟ್ಟಿ ತುಂಬದಿದ್ದರೆ ಇನ್ನೊಬ್ಬರು ತುಂಬಿಸಿ ಕೊಟ್ಟವರು. ಅವಳ ಇಪ್ಪತ್ತೆರಡು ಸಾವಿರವೂ ಅದೇ ಕಾಗದದಲ್ಲಿತ್ತು.

"ನೋಡೇ ಎರುಂದೀನಾ, ನಂಗೆ ಗಂಡ ಇದ್ದನಂತೆ!" ಎಂದು ಬಾಗಿಲಲ್ಲೇ ಕಾಗದ ಬೀಸಿದಳು. "ಪರೀಕ್ಷೆ ಕಾಗದದ ಪ್ರತಿ ಕೊಡಲೇಬೇಕು ಅಂತ ಗ್ರಾಹಕರ ಕಚೇರಿ ಹುಡುಗಿ ಬ್ಯಾಂಕಿಗೆ ಬರೆದ್ಲು, ನಿನ್ನೆ ಕೊಟ್ರು. ಇರಿಯಾ, ಓದೇ ಮಗಳೇ. ಇನ್ನೊಂದ್ಸಲ ಕೇಳ್ಬೇಕು."

ಇರಿಯಾ ಓದಿದಳು. "ವೈವಾಹಿಕ ಸ್ಥಿತಿ: ವಿಧವೆ. ಗಂಡನ ವೃತ್ತಿ: ನಾವಿಕ."

"ಸತ್ತಿದ್ದಕ್ಕೆ ಬೇಜಾರಿಲ್ಲ ಕಣೇ. ಒಂದು ರಾತ್ರಿಯಾದ್ರೂ ಜೊತೇಲಿದ್ದು ಸಾಯಬಾರದಿತ್ತಾ ಪಾಪಿ!"

ಸಬೇಲಾಳಿಗೂ ನಗು ಬಂತು. ಆ ಅಡುಗೆಮನೆಯಲ್ಲಿ ಎಷ್ಟೋ ವಾರಗಳ ಮೇಲೆ ಯಾರೋ ನಗುತ್ತಿದ್ದರು.

"ಷೇರು, ಬಾಂಡು, ವಿದೇಶಿ ವ್ಯವಹಾರಗಳಲ್ಲಿ ಅನುಭವ: ಇದೆ."

"ಹೂಂ, ಇದೆ. ಪೋರ್ಚುಗಲ್‌ಗೆ ಹೋಗಿ ಟವಲ್ ತಂದಿದ್ದೆ. ಆರು ಟವಲ್ಲು. ಚೌಕಾಸಿ ಮಾಡಿ."

"ತಿಳಿವಳಿಕೆ: ಉನ್ನತ."

"ಕೇಳಿಸ್ತಾ? ಉನ್ನತ! ಆ ಪಾದ್ರಿಗೆ ತೋರಿಸ್ಬೇಕು ಇದನ್ನ, ನನ್ನ ಕತ್ತೆ ಅಂದಿದ್ದ."

"ಮಕ್ಕಳು," ಎಂದು ಇರಿಯಾ ಮುಂದಿನ ಸಾಲಿಗೆ ಹೋದಳು. "ಒಬ್ಬ ಮಗ. ಬ್ಯಾಂಕ್ ನೌಕರ."

ಅವಳ ದನಿ ಅಲ್ಲಿಗೇ ನಿಂತಿತು. ದೋಸಿಂದಾ ಬಾಯಿ ತೆರೆದವಳು ತೆರೆದ ಹಾಗೇ ಇದ್ದಳು. ಹಿಂದಿನ ದಿನ ಆ ಸಾಲನ್ನು ಯಾರೂ ಅವಳಿಗೆ ಓದಿ ಹೇಳಿರಲಿಲ್ಲವೋ, ಗಂಡನ ಸಾಲಿಗೆ ನಕ್ಕ ನಗೆಯಲ್ಲಿ ಅದು ಅವಳ ಕಿವಿ ದಾಟಿ ಹೋಗಿತ್ತೋ.

"ಇದು ನಿಂದು," ಎಂದಳು ಕೊನೆಗೆ. "ಎರುಂದೀನಾ, ಇದು ನಿನ್ನ ಕಾಗದ ಅಲ್ವೇನೇ? ನಿನ್ನ ಕಾಗದಾನ ಅಚ್ಚು ಮಾಡ್ಕೊಂಡು ನಿನ್ನ ಮಗ ಊರಿಗೆಲ್ಲ ಒತ್ತಿದಾನೆ."

ಎರುಂದೀನಾ ಏಪ್ರನ್ನಿನ ತುದಿಯಿಂದ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನು ಮತ್ತೆ ಒರೆಸಿಕೊಂಡರು.

"ನಾನೇನು ಜಗಳಕ್ಕೆ ಬಂದಿಲ್ಲ," ಎಂದಳು ದೋಸಿಂದಾ. ದನಿ ತಗ್ಗಿತ್ತು. "ಒಂದು ಕೇಳ್ತೀನಿ. ನೀನು ಆ ಅರ್ಜಿಗೆ ಸಹಿ ಹಾಕು. ನನ್ನ ಉತ್ತರ ನಾನು ಹೇಳಿದ್ದಲ್ಲ, ನನ್ನ ಮಗ ಬರ್ಕೊಂಡಿದ್ದು ಅಂತ ಒಂದು ಮಾತು ಬರ್ಕೊಡು. ಮೂಲ ಕಾಗದವೇ ಸುಳ್ಳು ಅಂತಾದ್ರೆ ನಲವತ್ತು ಮನೇದೂ ಸುಳ್ಳಾಗತ್ತೆ. ಆ ಹುಡುಗಿ ಹಾಗೇ ಹೇಳಿದಾಳೆ. ಒಂದೇ ಮಾತು."

"ಕಾಫಿ ಕುಡೀತೀಯ?" ಎಂದು ಕೇಳಿದರು ಎರುಂದೀನಾ.

"ಬೇಡ."

ದೋಸಿಂದಾ ಕಾಗದ ಮಡಚಿ ಎದೆಯೊಳಗೆ ಸೇರಿಸಿಕೊಂಡು ಹೋದಳು.

ಶನಿವಾರ ಅಮಾರೋ ಹಿತ್ತಿಲಲ್ಲಿ ಕೋಸಿನ ಪಾತಿ ಅಗೆಯುತ್ತಿದ್ದಾಗ ಸಬೇಲಾ ಅಲ್ಲಿಗೇ ಹೋದಳು. ಒಳಗೆ ಮಾತಾಡಿದರೆ ಅತ್ತೆಗೆ ಕೇಳಿಸುತ್ತಿತ್ತು.

"ಹೆತ್ತ ತಾಯಿಗೇ ಮಾರಿದ್ಯಾ?"

ಅವನು ಅಗೆಯುವುದನ್ನು ನಿಲ್ಲಿಸಲಿಲ್ಲ. "ಪ್ರತಿ ಸೋಮವಾರ ಪ್ರಾಂತದ ಕಚೇರಿಯಿಂದ ಫೋನ್ ಬರ್ತಿತ್ತು. 'ಎಷ್ಟು ಹಾಕಿಸ್ದೆ?' ಅಷ್ಟೇ. ಒಂದು ನಮಸ್ಕಾರಾನೂ ಇಲ್ಲ. ಅಮ್ಮಂದು ಮೊದಲು ಹಾಕಿಸಿದ್ದು ಒಳ್ಳೇದು ಅಂತ ನಂಬಿ ಸಬೇಲಾ. ನಾನೂ ನಂಬಿದ್ದೆ. ಆಮೇಲೆ ಯಾರಾದ್ರೂ ಅನುಮಾನ ಪಟ್ರೆ, 'ನಮ್ಮಮ್ಮಂಗೇ ಹಾಕ್ಸಿದೀನಿ' ಅಂತಿದ್ದೆ. ಅಷ್ಟು ಸಾಕಾಗ್ತಿತ್ತು."

"ಆ ಪರೀಕ್ಷೆ?"

"ನಿಜ ಬರೆದ್ರೆ ಕಂಪ್ಯೂಟರ್ ಕೆಂಪು ತೋರಿಸ್ತಿತ್ತು. ಮಾರಕ್ಕೆ ಬಿಡ್ತಿರ್ಲಿಲ್ಲ. ಯಾವ ಉತ್ತರಕ್ಕೆ ಹಸಿರು ಬರತ್ತೆ ಅಂತ ಮೇಲಿನೋರೇ ತೋರಿಸ್ಕೊಟ್ಟಿದ್ರು. ಅಮ್ಮನ ಕಾಗದ ಹಸಿರು ಬಂತು. ಅದನ್ನೇ ಇಟ್ಕೊಂಡು ಹೆಸರು, ಗುರುತಿನ ಸಂಖ್ಯೆ ಮಾತ್ರ ಬದಲಾಯಿಸ್ತಾ ಹೋದೆ. ಸಾಲು ಬಾಗಿಲ ತನಕ ಇರ್ತಿತ್ತು."

"ದೋಸಿಂದಾಗೆ ಮದುವೆ ಆಗಿಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ? ನಿನ್ನ ತೊಟ್ಟಿಲು ತೂಗಿದೋಳು!"

"ನೋಡ್ಲಿಲ್ಲ," ಎಂದ ಅಮಾರೋ ಕೋಸಿನ ಗಿಡಗಳಿಗೆ. "ಮೂರನೇ ಸಾಲಿನ ಮೇಲೆ ನಾನೂ ಓದ್ತಿರ್ಲಿಲ್ಲ."

"ಹಾಗಾದ್ರೆ ಸೋಮವಾರಾನೇ ಪ್ರತಿ ತಾ. ಅತ್ತೆ ಕೈಲಿ ಸಹಿ ಹಾಕಿಸೋದು ನನ್ನ ಜವಾಬ್ದಾರಿ."

ಆಗ ಅವನು ಗುದ್ದಲಿ ನೆಟ್ಟು ನಿಂತ. ಬ್ಯಾಂಕಿನಲ್ಲಿ ಕೆಲಸದಿಂದ ತೆಗೆಯುವವರ ಪಟ್ಟಿ ತಯಾರಾಗುತ್ತಿದೆ ಎಂದ. ಅವನ ಹೆಸರು ಅದರಲ್ಲಿ ಇದೆ. ಅದಕ್ಕೆ ಏನೂ ಮಾಡುವಂತಿಲ್ಲ. ಆದರೆ ಪಟ್ಟಿ ಎರಡು. ಶುದ್ಧ ಹಸ್ತದವರಿಗೆ ಇಪ್ಪತ್ತೇಳು ವರ್ಷದ ಲೆಕ್ಕದಲ್ಲಿ ಪರಿಹಾರ, ಐವತ್ತನಾಲ್ಕು ಸಾವಿರ. ತಪ್ಪು ಕಾಗದ ಬರೆದವರು ಅಂತ ದೂರು ರುಜುವಾತಾದವರಿಗೆ ಬರಿಗೈ.

"ಹಸಿರು ಉತ್ತರ ತೋರಿಸಿಕೊಟ್ಟೋರು?"

"ಅವರು ಯಾರೂ ಬರೆದು ಕೊಟ್ಟಿಲ್ಲ. ಬಾಯಲ್ಲಿ ಹೇಳಿದ್ರು. ಬರೆದಿದ್ದು ನನ್ನ ಕೈ."

ಸಬೇಲಾ ಒಂದು ಕೋಸು ಕುಯ್ದುಕೊಂಡು ಒಳಗೆ ಬಂದಳು. ಅದನ್ನು ಹೆಚ್ಚುತ್ತಾ ಐವತ್ತನಾಲ್ಕರಿಂದ ಮೂವತ್ತೆಂಟು ಕಳೆದಳು. ಆಮೇಲೆ, ಮನಸ್ಸಿಗೆ ನಾಚಿಕೆಯಾಗಿ, ಮತ್ತೆ ಕಳೆಯಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮುಂದಿನ ವಾರ ಅಮಾರೋ ಮನೆಗೆ ತಂದದ್ದು ಪರೀಕ್ಷೆಯ ಪ್ರತಿಯನ್ನಲ್ಲ, ಬ್ಯಾಂಕಿನ ಲಕೋಟೆಯಲ್ಲಿದ್ದ ಇನ್ನೊಂದು ಹಾಳೆಯನ್ನು. ಎರುಂದೀನಾ ಎಂಬ ಗ್ರಾಹಕಿ ತನಗೆ ಎಲ್ಲ ಅಪಾಯಗಳನ್ನೂ ವಿವರಿಸಲಾಗಿತ್ತೆಂದೂ, ಪರೀಕ್ಷೆಯ ಉತ್ತರಗಳು ತನ್ನವೇ ಎಂದೂ, ತನಗೆ ದೂರಿಲ್ಲವೆಂದೂ ಬರೆದುಕೊಡುವ ಹಾಳೆ. ಪ್ರಾಂತದ ಕಚೇರಿಯವರು ಬಲವಂತ ಮಾಡಿರಲಿಲ್ಲ. "ನಿಮ್ಮ ತಾಯಿಯವರೇ ಹೇಳಿದ್ರೆ ಎಲ್ಲರಿಗೂ ಅನುಕೂಲ" ಎಂದಿದ್ದರಂತೆ.

ಇರಿಯಾ ಅದನ್ನು ಓದಿ ಮೇಜಿನ ಮೇಲಿಟ್ಟಳು. "ಎಲ್ಲರಿಗೂ ಅಂದ್ರೆ ಯಾರಿಗಪ್ಪ?"

"ನಿನ್ನ ಫೀಸಿಗೆ," ಎಂದಳು ಸಬೇಲಾ.

"ಅಮ್ಮಾ! ಮೊನ್ನೆ ತನಕ ನೀನೇ..."

"ಮೊನ್ನೆ ತನಕ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ನಿಂಗೆ ಹತ್ತೊಂಬತ್ತು ವರ್ಷ. ನ್ಯಾಯ ಅನ್ಯಾಯ ಬಾಯಿಪಾಠ ಇದೆ. ಕಂತು ಕಟ್ಟೋಳು ನಾನು."

"ದೋಸಿಂದಜ್ಜಿ ನಿನ್ನ ಹೆರಿಗೇಲಿ ಮೂರು ದಿನ ಈ ಒಲೆ ಮುಂದೆ ನಿಂತಿದ್ಲು. ನೀನೇ ಹೇಳಿದ್ದು."

"ಎದ್ದು ಹೋಗು ಊಟದಿಂದ."

ಇರಿಯಾ ಎದ್ದು ಹೋದಳು. ಮುಂದಿನ ಗುರುವಾರ ಅವಳು ಬ್ಯಾಂಕಿನ ಮುಂದೆ ಮುದುಕರ ನಡುವೆ ನಿಂತಿದ್ದಳೆಂದು, ಗಾಜಿನ ಆಚೆ ಅವಳಪ್ಪ ತಲೆ ಎತ್ತದೆ ಕೂತಿದ್ದನೆಂದು ಕಾರ್ಖಾನೆಯಲ್ಲಿ ಯಾರೋ ಸಬೇಲಾಳಿಗೆ ಕೇಳಿಸುವ ಹಾಗೆ ಹೇಳಿದರು. ಸಬೇಲಾಳ ಎಡಬಲದ ಇಬ್ಬರೂ ಡಬ್ಬಿಗಳ ಮೇಲೆ ಬಗ್ಗಿದರು. ಊರಿಗೆ ಅಷ್ಟರಲ್ಲಿ ಪರೀಕ್ಷೆಯ ಕಾಗದದ ವಿಷಯ ಪೂರ್ತಿ ತಿಳಿದಿತ್ತು. ಐವತ್ತು ವರ್ಷ ಮದುವೆಯಾಗಿ ಗಂಡನೊಂದಿಗೆ ಜಗಳವಾಡುತ್ತಲೇ ಇದ್ದ ಹೆಂಗಸರೂ ಆ ಕಾಗದದಲ್ಲಿ ವಿಧವೆಯರಾಗಿದ್ದರು. ಗಂಡಸರಲ್ಲಿ ಮೂವರು ಕೂಡ. ರೊಟ್ಟಿಯವಳು ಬೆಳಿಗ್ಗೆ ವ್ಯಾನಿನಲ್ಲಿ ಬಂದು ಬಾಗಿಲ ಚೀಲಗಳಿಗೆ ರೊಟ್ಟಿ ಹಾಕಿ ಹೋಗುತ್ತಿದ್ದಳು. ಒಂದು ದಿನ ದಕ್ಕೆಮನೆಯ ಚೀಲ ಬರಿದಾಗಿತ್ತು. ಮರೆತಿರಬಹುದು ಎಂದುಕೊಂಡರು. ಮಾರನೆಯ ದಿನವೂ ಬರಿದಾಗಿತ್ತು. ಮೂರನೆಯ ದಿನ ಎರುಂದೀನಾ ಚೀಲವನ್ನು ಒಳಗೆ ತಂದು ತೊಳೆದು ಒಣಹಾಕಿದರು.

ಅರ್ಜಿ, ಬ್ಯಾಂಕಿನ ಹಾಳೆ, ಎರಡೂ ಅಡುಗೆಮನೆಯ ಕಪಾಟಿನ ಮೇಲೆ ಸಕ್ಕರೆ ಡಬ್ಬಿಯ ಕೆಳಗೆ ಬಿದ್ದಿದ್ದವು. ತಿಂಗಳು ಮುಗಿಯಲು ಎರಡು ದಿನವಿತ್ತು.

ಸತ್ತವರನ್ನು ನೆನೆಯುವ ಸಂತರ ಹಬ್ಬಕ್ಕೆ ಮೊದಲು ಅತ್ತೆ ಸೊಸೆ ಸ್ಮಶಾನಕ್ಕೆ ಹೋಗಿ ಶವ ಇಡುವ ಗೋಡೆಗೂಡು ತಿಕ್ಕಿ ತೊಳೆದು ಸೇವಂತಿಗೆ ಇಟ್ಟು ಬರುವುದು ಪ್ರತಿ ವರ್ಷದ ಕೆಲಸ. ಗೂಡಿನೊಳಗೆ ಯಾರೂ ಇರಲಿಲ್ಲ. ಮಾವನನ್ನು ಸಮುದ್ರ ಹಿಂದಿರುಗಿಸಿರಲಿಲ್ಲ. ಕಲ್ಲಿನ ಮೇಲೆ ಹೆಸರು ಮಾತ್ರ ಇತ್ತು. ಸುತ್ತಲೂ ಬೇರೆ ಹೆಂಗಸರು ಬಕೆಟ್ಟು ಬ್ರಷ್ಷು ಹಿಡಿದು ತಮ್ಮ ತಮ್ಮ ಸತ್ತವರನ್ನು ತಿಕ್ಕುತ್ತಿದ್ದರು. ಯಾರೂ ಇವರತ್ತ ನೋಡಲಿಲ್ಲ.

"ಅವನು 'ಶಾಶ್ವತದ ಕಾಗದ ಅಮ್ಮಾ' ಅಂದ," ಎಂದರು ಎರುಂದೀನಾ, ಅಕ್ಷರಗಳ ಸಂದಿನ ಪಾಚಿ ಕೆರೆಯುತ್ತಾ. "ನಂಗೆ ಈ ಗೂಡೇ ನೆನಪಾಯ್ತು. ಇದನ್ನೂ ಶಾಶ್ವತ ಅಂತಲೇ ಕೊಂಡಿದ್ದು. ಒಳ್ಳೇದೇ ಇರ್ಬೇಕು ಅಂದ್ಕೊಂಡೆ."

"ಅತ್ತೆ, ನಾಡಿದ್ದು ಗಡುವು."

"ಗೊತ್ತು."

"ಬ್ಯಾಂಕಿನ ಹಾಳೆಗೆ ಹಾಕಿಬಿಡಿ."

ಮುದುಕಿಯ ಬ್ರಷ್ ನಿಂತಿತು. "ಹಾಕಿದ್ರೆ ಅವನ ಕೆಲಸ ಉಳಿಯತ್ತಾ?"

"ಕೆಲಸ ಉಳಿಯಲ್ಲ. ಪರಿಹಾರ ಉಳಿಯತ್ತೆ. ಹಾಕದಿದ್ರೆ ಐವತ್ತು ವರ್ಷದ ಗಂಡಸು ಬರಿಗೈಲಿ ಮನೇಲಿ ಕೂರ್ತಾನೆ. ಯಾರು ಕೆಲಸ ಕೊಡ್ತಾರೆ ಅವನಿಗೆ, ಈ ಊರಲ್ಲಿ?"

"ನನ್ನ ದುಡ್ಡು?"

"ಅದು ಹೇಗೂ ಹೋಗಿದೆ ಅಂತ ನೀವೇ ಅಂದ್ರಲ್ಲ."

"ದೋಸಿಂದಾಂದು?"

ಸಬೇಲಾ ಬಕೆಟ್ಟಿನ ಕೊಳಕು ನೀರನ್ನು ಚೆಲ್ಲಿ, ನಲ್ಲಿಯವರೆಗೆ ಹೋಗಿ, ಹೊಸ ನೀರು ತುಂಬಿಕೊಂಡು ಬಂದಳು. ಅಷ್ಟು ಹೊತ್ತು ಅತ್ತೆ ಆ ಪ್ರಶ್ನೆಯ ಜೊತೆ ಅಲ್ಲೇ ನಿಂತಿದ್ದರು.

"ಅವರಿಗೆ ಬೇರೆ ದಾರಿ ಇರತ್ತೆ ಅತ್ತೆ. ಕೋರ್ಟಿದೆ," ಎಂದಳು. ವಕೀಲನಿಗೆ ಕೊಡಲು ದೋಸಿಂದಾಳ ಬಳಿ ಏನಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ಊಟವಾದ ಮೇಲೆ ಎರುಂದೀನಾ ಮೇಜು ಒರೆಸಿ, "ತಗೊಂಬಾ" ಎಂದರು. ಅಮಾರೋ ಹಾಳೆ ತಂದ. ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಅವನ ಕೈಯಲ್ಲಿ ಆ ಚಲನೆ ಎಷ್ಟು ನಯವಾಗಿತ್ತೆಂದರೆ ಸಬೇಲಾ ಬೇರೆ ಕಡೆ ನೋಡಿದಳು.

"ಅಮ್ಮ," ಎಂದ ಅವನು. "ಒಂದ್ಸಲ ಓದು."

ಇಪ್ಪತ್ತೇಳು ವರ್ಷದಲ್ಲಿ ಅವನು ಗ್ರಾಹಕರೊಬ್ಬರಿಗೆ ಹಾಗೆ ಹೇಳಿದ್ದು ಅದೇ ಮೊದಲಿರಬೇಕು.

"ಓದಿದ್ರೆ ಹಾಕಲ್ಲ," ಎಂದರು ಎರುಂದೀನಾ. "ಎಲ್ಲಿ ಹಾಕ್ಬೇಕು, ಬೆರಳಿಡು."

ಅವನು ಬೆರಳಿಟ್ಟ.

ಡಿಸೆಂಬರಿನಲ್ಲಿ ಅಮಾರೋನ ಕೆಲಸ ಹೋಯಿತು, ಜನವರಿಯಲ್ಲಿ ಐವತ್ತನಾಲ್ಕು ಸಾವಿರ ಬಂತು. ಅದರ ಜೊತೆ ಬಂದ ಪತ್ರದಲ್ಲಿ ಒಂದು ಷರತ್ತಿತ್ತು: ವರ್ಷದೊಳಗೆ ಅವನ ತಪ್ಪು ಬಯಲಾದರೆ ಪೂರ್ತಿ ಮೊತ್ತ ಹಿಂದಕ್ಕೆ. ಅದನ್ನು ಸಬೇಲಾ ಎರಡು ಸಲ ಓದಿದಳು. ಆ ಮನೆಯಲ್ಲಿ ಈಗ ಕಾಗದಗಳನ್ನು ಓದುತ್ತಿದ್ದರು. ಬಾಕಿ ಕಂತುಗಳನ್ನು ಕಟ್ಟಿ ಮುಗಿಸಿದರು. ಇರಿಯಾ ಫೀಸಿನ ದುಡ್ಡು ತೆಗೆದುಕೊಳ್ಳಲಿಲ್ಲ. ಸಾಂತಿಯಾಗೋ ನಗರದಲ್ಲಿ ಗೆಳತಿಯ ಕೋಣೆ ಸೇರಿ ಒಂದು ಹೋಟೆಲಿನಲ್ಲಿ ತಟ್ಟೆ ಎತ್ತುವ ಕೆಲಸ ಹಿಡಿದಳು. ಭಾನುವಾರ ಅಜ್ಜಿಗೆ ಫೋನ್ ಮಾಡುತ್ತಿದ್ದಳು. ಫೋನ್ ಅಮಾರೋ ಎತ್ತಿದರೆ, "ಅಜ್ಜಿಗೆ ಕೊಡಿ" ಎನ್ನುತ್ತಿದ್ದಳು. ಹೆತ್ತ ಅಪ್ಪನಿಗೆ ಬಹುವಚನ.

ಮನೆಯಲ್ಲಿ ಕೂತ ಅಮಾರೋ ಒಳ್ಳೆಯ ಗಂಡಸಾದ. ಪಾತ್ರೆ ತೊಳೆದ, ಕಟ್ಟಿಗೆ ಒಡೆದ, ಆಲೂಗಡ್ಡೆ ಸಿಪ್ಪೆ ಸುಲಿಯಲು ಕಲಿತ. ಹದಿಮೂರು ಕಿಲೋಮೀಟರ್ ಆಚೆಯ ಅಂಗಡಿಗೆ ಹೋಗಿ ರೊಟ್ಟಿ ತರುತ್ತಿದ್ದ.

ಮಧ್ಯಸ್ಥಿಕೆಯ ತೀರ್ಪುಗಳು ಫೆಬ್ರವರಿಯಲ್ಲಿ ಬಂದವು. ಬೇರೆ ಊರಿನ ಶಾಖೆಗಳಲ್ಲಿ ಸಹಿ ಹಾಕಿದ ಕೆಲವರಿಗೆ ದುಡ್ಡು ಸಿಕ್ಕಿತು. ಈ ಊರಿನವರಿಗೆ ಸಿಗಲಿಲ್ಲ. ಅಂದು ಮಧ್ಯಾಹ್ನ ಸಬೇಲಾ ಬಟ್ಟೆ ಒಣಹಾಕುತ್ತಿದ್ದಾಗ ದೋಸಿಂದಾ ಗೇಟಿನ ಆಚೆ ಬಂದು ನಿಂತಳು. ನಾಲ್ಕು ತಿಂಗಳ ಮೇಲೆ ಬಂದಿದ್ದಳು. ಸಬೇಲಾ ಗೇಟಿನ ಅಗುಳಿಗೆ ಕೈ ಹಾಕಿದರೆ, "ತೆಗೀಬೇಡ, ಒಳಗೆ ಬರಲ್ಲ. ಅವಳನ್ನ ಕರಿ," ಎಂದಳು.

ಎರುಂದೀನಾ ಹೊರಗೆ ಬಂದರು. ಗೇಟಿನ ಎರಡು ಕಡೆ ಇಬ್ಬರು ಮುದುಕಿಯರು, ಕೆಸರಿನಲ್ಲಿ ಬಗ್ಗಿ ಬಗ್ಗಿ ಒಂದೇ ಥರ ಗೂನಾದವರು.

"ನನ್ನ ತೀರ್ಪಲ್ಲಿ ನಿನ್ನ ಹೆಸರು ಹಾಕಿದಾರೆ," ಎಂದಳು ದೋಸಿಂದಾ. ಬೈಗುಳವಿಲ್ಲ, ಅಳುವಿಲ್ಲ. "ಇದೇ ನೌಕರನ ಸ್ವಂತ ತಾಯಿಯೇ ಉತ್ತರಗಳು ತನ್ನವು ಅಂತ ಬರೆದುಕೊಟ್ಟಿರುವುದರಿಂದ, ಅಂತ. ನಲವತ್ತು ಜನರ ತೀರ್ಪಲ್ಲೂ ಅದೇ ಸಾಲಂತೆ. ಮೊದಲು ನಿನ್ನ ಕಾಗದ ಒತ್ತಿದ್ರು, ಈಗ ನಿನ್ನ ಮಾತು ಒತ್ತಿದಾರೆ."

"ದೋಸಿಂದಾ..."

"ಅವನು ಮಾಡಿದ್ದು ನಂಗೆ ಅರ್ಥ ಆಗತ್ತೆ ಕಣೇ. ಅವನ ತಲೆ ಮೇಲೆ ಯಾರೋ ಕೂತಿದ್ರು. ನಿನ್ನ ತಲೆ ಮೇಲೆ ಯಾರಿದ್ರು?"

ಅತ್ತೆ ತಿರುಗಿ ತನ್ನ ಕಡೆ ನೋಡುತ್ತಾರೆ ಎಂದು ಸಬೇಲಾ ಕಾದಳು. ಅವರು ನೋಡಲಿಲ್ಲ. ದೋಸಿಂದಾ ಹೊರಟು ಹೋದ ಮೇಲೂ ಗೇಟಿನ ಕಂಬಿ ಹಿಡಿದು ನಿಂತೇ ಇದ್ದರು. ಸಬೇಲಾ ಉಳಿದ ಬಟ್ಟೆಗಳನ್ನೆಲ್ಲ ಹರವಿ, ಕ್ಲಿಪ್ಪು ಹಾಕಿ, ಒಳಗೆ ಹೋದಳು.

ಮರುದಿನ ಸಬೇಲಾಳಿಗೆ ಬೆಳಗಿನ ಪಾಳಿ. ಎರಡೂವರೆಗೆ ಮನೆಗೆ ಬಂದಾಗ ಅಮಾರೋ ಬಟಾಣಿ ಹಾಕಿ ಮೀನು ಬೇಯಿಸಿಟ್ಟಿದ್ದ. ಅತ್ತೆ ಇರಲಿಲ್ಲ. ಬೆಳಿಗ್ಗೆ ಚರ್ಚಿನ ಕೋಟು ಹಾಕಿಕೊಂಡು ಬಸ್ಸಿಗೆ ನಿಂತದ್ದನ್ನು ಅವನು ಕಿಟಕಿಯಿಂದ ನೋಡಿದ್ದನಂತೆ. ಮೊಣಕಾಲಿನ ಡಾಕ್ಟರ ಹತ್ತಿರ ಇರಬೇಕು ಎಂದುಕೊಂಡಿದ್ದ. ಮೂರರವರೆಗೆ ಕಾದು ಇಬ್ಬರೂ ಊಟಕ್ಕೆ ಕೂತರು. ಎರಡು ತುತ್ತಿನಲ್ಲಿ ಬಾಗಿಲು ಸದ್ದಾಯಿತು.

ಎರುಂದೀನಾ ಕೋಟು ತೆಗೆಯದೆ ತಮ್ಮ ಕುರ್ಚಿಯಲ್ಲಿ ಕೂತರು.

"ಎಲ್ಲಿಗೆ ಹೋಗಿದ್ರಿ ಅತ್ತೆ?"

"ಪುರಸಭೆಗೆ."

ಅಮಾರೋ ಚಮಚ ಕೆಳಗಿಟ್ಟ.

"ಗ್ರಾಹಕರ ಕಚೇರಿ ಹುಡುಗಿ ಹತ್ರ ಹೋದೆ. ಎಲ್ಲಾ ಹೇಳ್ದೆ. ಆ ಪರೀಕ್ಷೆ ಉತ್ತರ ನಾನು ಹೇಳಿದ್ದಲ್ಲ, ನನ್ನನ್ನ ಯಾರೂ ಏನೂ ಕೇಳೇ ಇಲ್ಲ ಅಂದೆ. ಆಮೇಲಿನ ಹಾಳೇನೂ ನಾನು ಓದ್ಲಿಲ್ಲ ಅಂದೆ. ನನ್ನ ಮಗ ನಂಗೆ ಸುಳ್ಳು ಹೇಳ್ದ, ದೋಸಿಂದಾಗೆ ಹೇಳ್ದ, ಊರಿಗೆಲ್ಲ ಹೇಳ್ದ. ಬರ್ಕೊಳಮ್ಮ ಅಂದೆ."

ಒಲೆಯ ಮೇಲೆ ಪಾತ್ರೆಯ ಮುಚ್ಚಳ ಸಣ್ಣಗೆ ಅಲುಗಾಡುತ್ತಿತ್ತು. ಸಬೇಲಾ ಎದ್ದು ಅದನ್ನು ಸರಿಮಾಡಲಿಲ್ಲ.

"ನಿನ್ನ ಹೆಸರು ಹೇಳ್ದೆ ಕಣೋ," ಎಂದರು ಎರುಂದೀನಾ ಮಗನಿಗೆ. "ಪೂರ್ತಿ ಹೆಸರು. ನಿಮ್ಮಪ್ಪನ ಹೆಸರು ಸೇರಿಸಿ."

"ಅವಳೇನಂದ್ಲು?" ಎಂದು ಕೇಳಿದ ಅಮಾರೋ.

"ಒಳ್ಳೇ ಹುಡುಗಿ. ಕುಡಿಯಕ್ಕೆ ನೀರು ಕೊಟ್ಳು. ಗಡುವು ಮುಗಿದಿದೆ ಅಜ್ಜಿ, ಕಡತ ಮುಚ್ಚಿಬಿಟ್ರು ಅಂದ್ಲು. ನೀವು ಈಗ ಬಾಯಲ್ಲಿ ಹೇಳೋದಕ್ಕಿಂತ ಆವಾಗ ಬರೆದು ಕೊಟ್ಟಿದ್ದಕ್ಕೇ ಬೆಲೆ ಅಂದ್ಲು. ನಾನು ಓದದೆ ಹಾಕಿದ್ದು ಅಂದ್ರೆ, ನಿಮ್ಮಂಥ ತಿಳಿದವರು ಹಾಗೆ ಹೇಳಿದ್ರೆ ಯಾರೂ ಒಪ್ಪಲ್ಲ ಅಜ್ಜಿ, ದಾಖಲೇಲಿ ತಿಳಿವಳಿಕೆ ಉನ್ನತ ಅಂತಿದೆ ಅಂದ್ಲು."

"ಬರ್ಕೊಳ್ಳಲಿಲ್ವಾ?"

"ಬರ್ಕೊಳ್ಳಲಿಲ್ಲ."

"ಏನೂ? ಒಂದು ಸಾಲೂ?"

"ಪೆನ್ನು ಮುಟ್ಲಿಲ್ಲ."

ಅಮಾರೋನ ಬಿಗಿದ ಭುಜಗಳು ಸಡಿಲಗೊಂಡವು. ಅವನು ಅದನ್ನು ಮುಚ್ಚಿಡಲು ನೋಡಿದ. ಮೂಗಿನಿಂದ ನಿಧಾನವಾಗಿ ಬಿಟ್ಟ ಆ ಉಸಿರು ಮಾತ್ರ ಮೇಜಿನ ಈ ತುದಿಗೂ ಕೇಳಿಸಿತು. ಅದೇ ಹೊತ್ತಿಗೆ ಸಬೇಲಾ ತನ್ನ ಮಡಿಲಲ್ಲಿ ಬಿಗಿದಿದ್ದ ಕೈ ತಾನಾಗಿಯೇ ಬಿಚ್ಚಿಕೊಂಡದ್ದನ್ನು ಗಮನಿಸಿದಳು. ತಲೆ ಎತ್ತಿದರೆ ಅತ್ತೆ ನೋಡುತ್ತಿದ್ದರು. ಮೊದಲು ಮಗನ ಮುಖ, ಆಮೇಲೆ ಸೊಸೆಯ ಮುಖ. ಕೆಸರಿನಿಂದ ತೆಗೆದ ಚಿಪ್ಪು ಜೀವಂತವೋ ಸತ್ತದ್ದೋ ಎಂದು ನೋಡುವ ಹಾಗೆ, ಅವಸರವಿಲ್ಲದೆ.

ಅಮಾರೋ ಚಮಚ ಎತ್ತಿಕೊಂಡ. ತಟ್ಟೆಯಲ್ಲಿ ಉಳಿದಿದ್ದನ್ನು ತಿಂದ. ಹಸಿವಾಗಿತ್ತು ಅವನಿಗೆ.

"ಬಡ್ಸು ಅವನಿಗೆ," ಎಂದರು ಎರುಂದೀನಾ. "ತಟ್ಟೆ ಖಾಲಿ ಆಯ್ತು."